ಕಟವಪ್ರದ ನಿಷಿಧಿಗಳು

ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ವಿಂಧ್ಯಗಿರಿಯನ್ನೇರಿ ಬಾಹುಬಲಿ ಸ್ವಾಮಿಯ ದರ್ಶನ ಪಡೆದು ಮರಳುತ್ತಾರೆ. ಎದುರಿನ ಚಿಕ್ಕಬೆಟ್ಟವಾದ ಚಂದ್ರಗಿರಿಯ ಬಂಡೆಗಳ ಮೇಲೆ ಕೊರೆದ ಅಕ್ಷರಗಳ ಮುಂದೆ ನಿಲ್ಲುವವರು ವಿರಳ. ಶಾಸನಗಳು ಕಟವಪ್ರ, ಕಳ್ವಪ್ಪು ಎಂದು ಕರೆದಿರುವ ಈ ಗಿರಿ, ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದವರ ಸ್ಮರಣಭೂಮಿ. ಅವರ ನೆನಪಿಗೆ ನಿಂತ ಗುರುತುಗಳೇ ನಿಷಿಧಿಗಳು. ಗೋರಿಯಂತೆ ಅವು ಶರೀರವನ್ನು ಕಾಯುವುದಿಲ್ಲ. ಶರೀರವನ್ನು ಬಿಟ್ಟ ಬಗೆಯನ್ನು ತಿಳಿಸುತ್ತವೆ.

ಸುಮಾರು ಕ್ರಿ.ಶ. 600ರ ಶಾಸನವೊಂದು ಆಚಾರ್ಯ ಪ್ರಭಾಚಂದ್ರರು ಇಲ್ಲಿ ಸಮಾಧಿ ಹೊಂದಿದುದನ್ನೂ, ಕಾಲಕ್ರಮದಲ್ಲಿ 700 ಋಷಿಗಳು ಅದೇ ಮಾರ್ಗ ಹಿಡಿದುದನ್ನೂ ಹೇಳುತ್ತದೆ. ನಂದಿಸೇನ ಮುನಿಯ ಶಾಸನದಲ್ಲಿ ರೂಪ, ಧನ, ವೈಭವಗಳು ಕಾಮನಬಿಲ್ಲು, ಮಿಂಚು, ಮಂಜುಗಳಂತೆ ಕ್ಷಣಿಕವೆಂಬ ಅರಿವು ಹಳಗನ್ನಡ ಪದ್ಯವಾಗಿ ಮೂಡಿದೆ. ಮೂರು ತಿಂಗಳು ವ್ರತವನ್ನಾಚರಿಸಿದ ನಾಗಮತಿ ಗಂತಿಯರ ಹೆಸರೂ ಇಲ್ಲಿದೆ. ರಾಷ್ಟ್ರಕೂಟ ಸಾಮ್ರಾಜ್ಯ ಅಳಿದ ಬಳಿಕ ಆ ವಂಶದ ನಾಲ್ವಡಿ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೇ ಸಲ್ಲೇಖನ ಕೈಗೊಂಡನು. ಅರಸನಿಗೂ ಆರ್ಯಿಕೆಗೂ ಇಲ್ಲಿ ಒಂದೇ ವ್ರತ, ಒಂದೇ ಗೌರವ.

ಮನಸ್ಸನ್ನು ಹೆಚ್ಚು ಕಲಕುವುದು ಮಾಚಿಕಬ್ಬೆಯ ಸ್ಮರಣೆ. ಅವಳ ಮಗಳು, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ, 1123ರಲ್ಲಿ ಇದೇ ಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳು. ಮಗಳನ್ನು ಕಳೆದುಕೊಂಡ ತಾಯಿ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಬಂಧುಗಳನ್ನು ಬೀಳ್ಕೊಂಡು, ಪಂಚಪದಗಳನ್ನು ಜಪಿಸುತ್ತ ಒಂದು ತಿಂಗಳ ಉಪವಾಸದಿಂದ ದೇಹವಿಟ್ಟಳು.

ಇದನ್ನು ದುಃಖಕ್ಕೆ ಸೋತ ಸಾವೆನ್ನಬಹುದೇ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಧರ್ಮಕ್ಕಾಗಿ ಶರೀರವನ್ನು ತ್ಯಜಿಸುವುದೇ ಸಲ್ಲೇಖನವೆಂದು ಹೇಳುತ್ತದೆ. ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಭಯ, ಮಿತ್ರರ ನೆನಪು, ಮುಂದಿನ ಭೋಗದ ಬಯಕೆ ಇವು ವ್ರತಕ್ಕೆ ಐದು ಅತಿಚಾರಗಳು. ಮರಣವನ್ನು ಬಯಸುವುದೂ ದೋಷವೇ. ಮಾಚಿಕಬ್ಬೆಯ ಒಳಮನಸ್ಸನ್ನು ಅಳೆಯಲು ನಾವು ಅರ್ಹರಲ್ಲ. ಆದರೆ ಶಾಸನ ಕಾಪಿಟ್ಟಿರುವುದು ಅವಳ ಕಣ್ಣೀರನ್ನಲ್ಲ, ಜಿನಸ್ಮರಣೆಯನ್ನು ಎಂಬುದು ಗಮನಾರ್ಹ.

ಸಲ್ಲೇಖನ ಎಲ್ಲರಿಗೂ ಸಾಧ್ಯವಾದ ವ್ರತವಲ್ಲ. ಕಷಾಯಗಳನ್ನು ಕೃಶಗೊಳಿಸುವ ಅಭ್ಯಾಸವಾದರೋ ಇಂದೇ ಆರಂಭಿಸಬಹುದಾದುದು. ಒಂದು ಕೋಪವನ್ನು ಬಿಟ್ಟು, ಒಬ್ಬರನ್ನು ಕ್ಷಮಿಸಿ ಚಂದ್ರಗಿರಿಯಿಂದ ಇಳಿದರೆ ಆ ನಿಷಿಧಿಗಳಿಗೆ ಸಲ್ಲಿಸಿದ ವಂದನೆ ಸಾರ್ಥಕವಾಗುತ್ತದೆ.