ಹಳೆಯ ಕಾರು, ಹೊಸ ಎಂಜಿನ್ ಮತ್ತು ಕಾನೂನು

ಬೆಲ್ಲದ ಬಾಗೇವಾಡಿಯ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ವರ್ಷಗಳಿಂದ ಒಂದು ಕಾಂಟೆಸ್ಸಾ ಕಾರು ನಿಂತಿದೆ. ಬೆಲ್ಲದ ವ್ಯಾಪಾರಿಯಾಗಿದ್ದ ನನ್ನ ಅಣ್ಣ 1996ರಲ್ಲಿ ಬೆಳಗಾವಿಯಲ್ಲಿ ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದ. ಉದ್ದನೆಯ ಮೂತಿ, ಅಗಲವಾದ ಮೈ. ಸಂಕೇಶ್ವರದ ಹೆದ್ದಾರಿಗೆ ಇಳಿಸಿದರೆ ಜನ ತಿರುಗಿ ನೋಡುತ್ತಿದ್ದರು. ವಿದೇಶಿ ಕ್ರೀಡಾ ಕಾರುಗಳನ್ನು ಸಿನಿಮಾದಲ್ಲಷ್ಟೇ ಕಂಡಿದ್ದ ನಮ್ಮ ತಲೆಮಾರಿಗೆ ಆ ಕನಸಿನ ತೀರ ಸಮೀಪಕ್ಕೆ ಬಂದದ್ದು ಈ ಕಾರೇ. ಅಣ್ಣ ತೀರಿಕೊಂಡ ವರ್ಷವೇ ಅದರ ಎಂಜಿನ್ ಕೂಡ ಜಾಮ್ ಆಯಿತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ಒಂದು ನಕ್ಷೆಯನ್ನು ನನ್ನ ಮುಂದೆ ಹರಡಿದ. ಅಪಘಾತದಲ್ಲಿ ನಜ್ಜುಗುಜ್ಜಾದ ಸ್ಕಾರ್ಪಿಯೊ ಒಂದರ ಎಂಹಾಕ್ ಎಂಜಿನ್ ಗುಜರಿಯಲ್ಲಿ ಸಿಕ್ಕಿದೆ, 2.2 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್. ಅದನ್ನು ಕಾಂಟೆಸ್ಸಾದಲ್ಲಿ ಕೂರಿಸಬೇಕೆಂಬುದು ಅವನ ಹಂಬಲ. ‘ಕಾಕಾ, ಅಪ್ಪನ ಗಾಡಿ ಮತ್ತ ರೋಡಿಗೆ ಬರಬೇಕಂದ್ರ ಇದೊಂದ ದಾರಿ’ ಎಂದ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕೆಂದು ನಂಬಿದ್ದ ನಾನು ತಕ್ಷಣ ಬೇಡವೆಂದೆ. ಆ ‘ಬೇಡ’ ಅಷ್ಟು ಸರಳವಲ್ಲವೆಂದು ಅನಂತರ ಅನ್ನಿಸತೊಡಗಿತು.

ಏಕೆಂದರೆ ಕಾಂಟೆಸ್ಸಾ ಹುಟ್ಟಿದ್ದೇ ಎಂಜಿನ್ ಬದಲಾವಣೆಯಿಂದ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿ 1978ರ ಹೊತ್ತಿಗೆ ಕೈಬಿಟ್ಟ ಮಾದರಿಯೊಂದರ ಒಡಲನ್ನು ಹಿಂದುಸ್ತಾನ್ ಮೋಟಾರ್ಸ್ ತಂದುಕೊಂಡಿತು. 1984ರಲ್ಲಿ ಮಾರುಕಟ್ಟೆಗೆ ಬಿಡುವಾಗ ಅದರೊಳಗೆ ಇಟ್ಟದ್ದು ಅಂಬಾಸಿಡರ್ ಕಾರಿನ ಒಂದೂವರೆ ಲೀಟರಿನ ಹಳೆಯ ಎಂಜಿನ್. ಸುಮಾರು 50 ಅಶ್ವಶಕ್ತಿಯ ಆ ಎಂಜಿನ್ನಿಗೆ ಅಷ್ಟು ಭಾರದ ಒಡಲನ್ನು ಎಳೆಯುವುದೇ ಪ್ರಯಾಸವಾಗಿತ್ತು. ಆಮೇಲೆ ಬಂದದ್ದು ಜಪಾನಿನ ಇಸುಝು ವಿನ್ಯಾಸದ 1.8 ಲೀಟರಿನ, 88 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಮುಂದೆ ಡೀಸೆಲ್ ಬಂತು, ಟರ್ಬೊ ಡೀಸೆಲ್ ಕೂಡ ಬಂತು. 2002ರಲ್ಲಿ ತಯಾರಿಕೆ ನಿಂತಿತು. ಹಾಗಿದ್ದರೆ ಈ ಕಾರಿನ ‘ಮೂಲ’ ಯಾವುದು? ಕಾರ್ಖಾನೆ ಮಾಡಿದರೆ ಅಭಿವೃದ್ಧಿ, ಹುಡುಗನೊಬ್ಬ ಮಾಡಿದರೆ ವಿಕಾರ ಎನ್ನಲು ನನ್ನಲ್ಲಿ ಸುಲಭದ ಕಾರಣ ಉಳಿಯಲಿಲ್ಲ.

ಇನ್ನೊಂದು ಸಂಗತಿಯೂ ನೆನಪಾಯಿತು. ನಮ್ಮ ಊರಿನ ಹೆಸರಿನಲ್ಲೇ ಬೆಲ್ಲವಿದೆ. ಅಜ್ಜನ ಕಾಲದಲ್ಲಿ ಗಾಣ ತಿರುಗಿಸುತ್ತಿದ್ದವು ಎತ್ತುಗಳು. ಅಪ್ಪನ ಕಾಲಕ್ಕೆ ಎತ್ತಿನ ಜಾಗದಲ್ಲಿ ಆಯಿಲ್ ಎಂಜಿನ್ ಬಂತು, ಅಣ್ಣನ ಕಾಲಕ್ಕೆ ವಿದ್ಯುತ್ ಮೋಟಾರು. ಕೊಪ್ಪರಿಗೆಯಲ್ಲಿ ಕುದಿಯುವುದು ಅದೇ ಕಬ್ಬಿನ ಹಾಲು. ಗಾಣ ಬೇರೆಯಾಯಿತೆಂದು ಯಾರೂ ಹೇಳಲಿಲ್ಲ. ಯಂತ್ರವನ್ನು ಬಿಚ್ಚಿ, ತಿದ್ದಿ, ತಮ್ಮ ಅಗತ್ಯಕ್ಕೆ ಒಗ್ಗಿಸಿಕೊಳ್ಳುವ ಬುದ್ಧಿ ಈ ಸೀಮೆಗೆ ಹೊಸದೇನಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯಿಂದಲೇ ದೇಶದ ದೊಡ್ಡ ಉದ್ಯಮವೊಂದು ಬೆಳೆಯಿತು.

ಆದರೂ ಎಂಜಿನ್ ಬದಲಾವಣೆ ಮಕ್ಕಳಾಟವಲ್ಲ. ಟರ್ಬೊ ಎಂಬುದು ವ್ಯರ್ಥವಾಗಿ ಹೊರಹೋಗುವ ಹೊಗೆಯ ಬಲದಿಂದಲೇ ತಿರುಗುವ ಪುಟ್ಟ ಚಕ್ರ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲದು. ಅದು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದರಿಂದ ಹೆಚ್ಚು ಇಂಧನ ಉರಿದು ಹೆಚ್ಚು ಶಕ್ತಿ ಹುಟ್ಟುತ್ತದೆ. ಅದಕ್ಕೆ ತಂಪು ಬೇಕು, ಶುದ್ಧ ಆಯಿಲ್ ಬೇಕು. ಎಂಹಾಕ್ ಕೊಡುವುದು 120 ಅಶ್ವಶಕ್ತಿ. ತಿರುಚುಬಲವಂತೂ ಹಳೆಯ ಪೆಟ್ರೋಲ್ ಎಂಜಿನ್ನಿನ ಸುಮಾರು ಎರಡು ಪಟ್ಟು. ಅಂದರೆ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್, ರೇಡಿಯೇಟರ್, ಸಸ್ಪೆನ್ಷನ್ ಎಲ್ಲದರ ಲೆಕ್ಕವೂ ಬದಲಾಗಬೇಕು. ಹುಡುಗನ ನಕ್ಷೆಯನ್ನು ನೋಡಿದ ಹುಕ್ಕೇರಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಎಂಜಿನ್ ಕೂಡಸೂದು ದೊಡ್ಡ ಮಾತಲ್ಲ. ಹಂಗ ಓಡೂ ಗಾಡಿ ನಿಲ್ಲಬೇಕಲ್ಲೋ ತಮ್ಮಾ, ಬ್ರೇಕ್ ಎಲ್ಲಿ ಬರದೀ?’ ನಕ್ಷೆಯಲ್ಲಿ ಬ್ರೇಕಿನ ವಿಚಾರ ಇರಲಿಲ್ಲ. ಹುಡುಗ ತಲೆ ತಗ್ಗಿಸಿದ.

ಕಾನೂನು ಹುಟ್ಟುವುದು ಈ ಪ್ರಶ್ನೆಯಿಂದಲೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೊದಲು, ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ವಾಹನವನ್ನು ಮಾರ್ಪಡಿಸಲು ಅವಕಾಶ ಕೊಟ್ಟಿತ್ತು. ಪೆಟ್ರೋಲ್ ಜೀಪು, ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಹಾಕಿಸಿದವರನ್ನು ಆ ಕಾಲದಲ್ಲಿ ಬಲ್ಲವರು ಅನೇಕರಿದ್ದಾರೆ. 2000ದ ತಿದ್ದುಪಡಿ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಿದೆ. ಎಂಜಿನ್ ಸಂಖ್ಯೆ ನೋಂದಣಿ ಪತ್ರಕ್ಕೆ ಹೊಂದದ ಕಾರು ಅಪಘಾತಕ್ಕೀಡಾದರೆ ವಿಮೆಯ ತಕರಾರು ಬೇರೆ.

ವಿಚಿತ್ರವೆಂದರೆ, ಅದೇ ಕಲಮು ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿ, ಸೌರಶಕ್ತಿಗೆ ಕಿಟ್ ಮೂಲಕ ಪರಿವರ್ತಿಸಿಕೊಳ್ಳಲು ಷರತ್ತಿನ ಮೇಲೆ ದಾರಿ ಬಿಟ್ಟಿದೆ. ಅಂದರೆ ಬದಲಾವಣೆಯನ್ನು ಪರೀಕ್ಷಿಸಿ ಒಪ್ಪುವುದು ಸಾಧ್ಯವೆಂದು ಕಾನೂನಿಗೇ ಗೊತ್ತಿದೆ. ಇತ್ತ 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು ಗೌರವಿಸುವುದು ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಗಳನ್ನು ಮಾತ್ರ. ಮೊತ್ತಮೊದಲ ಕಾಂಟೆಸ್ಸಾಗೂ ಆ ಯೋಗ ಬರುವುದು 2034ರಲ್ಲಿ. ಅಲ್ಲಿಯವರೆಗೆ ಬಿಡಿಭಾಗ ಸಿಗದ ಕಾರುಗಳ ಗತಿ ಏನು? ಒಂದೋ ಶೆಡ್ಡು, ಇಲ್ಲವೇ ಗುಜರಿ, ಇಲ್ಲವೇ ಕದ್ದುಮುಚ್ಚಿ ನಡೆಯುವ ಕೆಲಸ. ಈ ಮೂರನೆಯದೇ ಎಲ್ಲಕ್ಕಿಂತ ಅಪಾಯಕಾರಿ. ಕದ್ದು ಮಾಡುವ ಕೆಲಸದಲ್ಲಿ ಬ್ರೇಕಿನ ಬಗ್ಗೆ ಕೇಳುವ ಹಿರಿಯರು ಇರಲೇಬೇಕೆಂದಿಲ್ಲ.

ಜರ್ಮನಿಯಲ್ಲಿ ಮಾರ್ಪಡಿಸಿದ ವಾಹನವನ್ನು ಅಧಿಕೃತ ತಪಾಸಣಾ ಸಂಸ್ಥೆಯ ತಜ್ಞರು ಪರೀಕ್ಷಿಸುತ್ತಾರೆ. ತೇರ್ಗಡೆಯಾದ ಬದಲಾವಣೆ ವಾಹನದ ದಾಖಲೆಯಲ್ಲಿ ಸೇರುತ್ತದೆ. ಬ್ರಿಟನ್ನಿನಲ್ಲಿ ಎಂಜಿನ್ ಬದಲಿಸಿದವರು ಅದನ್ನು ನೋಂದಣಿ ಇಲಾಖೆಗೆ ತಿಳಿಸಬೇಕು. ನಮ್ಮಲ್ಲಿ ಪುಣೆಯ ಎಆರ್‌ಎಐನಂತಹ ಪರೀಕ್ಷಾ ಸಂಸ್ಥೆಯಿದೆ, ಊರೂರಿಗೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಬ್ರೇಕು, ಸ್ಟೀರಿಂಗು, ಚಾಸಿಸ್ಸಿನ ಬಲ, ಹೊಗೆಯ ಪ್ರಮಾಣ ಇಷ್ಟನ್ನೂ ಪರೀಕ್ಷಿಸಿ, ಶುಲ್ಕ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ನಮೂದಿಸುವ ವ್ಯವಸ್ಥೆ ಅಸಾಧ್ಯವೇನಲ್ಲ. ಪರೀಕ್ಷೆ ಕಠಿಣವಾಗಿರಲಿ, ನೂರಕ್ಕೆ ತೊಂಬತ್ತು ಮಂದಿ ಅನುತ್ತೀರ್ಣರಾಗಲಿ. ಆದರೆ ಪರೀಕ್ಷೆಗೆ ಕೂರುವ ಹಕ್ಕಾದರೂ ಇರಬೇಡವೇ?

ಮೊನ್ನೆ ಹುಡುಗ ಫೋನ್ ಮಾಡಿದ್ದ. ಗುಜರಿಯ ಎಂಜಿನ್ನನ್ನು ಹಿಂದಿರುಗಿಸಿದ್ದಾನಂತೆ. ಹಳೆಯ ಇಸುಝು ಎಂಜಿನ್ನನ್ನು ಬಿಚ್ಚಿ ರೀಬೋರ್ ಮಾಡಿಸಲು ಕೊಲ್ಹಾಪುರದ ಉದ್ಯಮನಗರಕ್ಕೆ ಒಯ್ದಿದ್ದಾನೆ. ಸಿಗದ ಭಾಗಗಳನ್ನು ಅಲ್ಲಿಯೇ ಲೇತಿನಲ್ಲಿ ಮಾಡಿಸುವ ಯೋಚನೆ. ಕಾನೂನಿಗೆ ಅವನು ತಲೆಬಾಗಿದ್ದು ನನಗೆ ನೆಮ್ಮದಿಯ ಸಂಗತಿಯೇ. ಆದರೆ ಆ ನಕ್ಷೆಯನ್ನು ಅವನು ಹರಿದು ಹಾಕಿಲ್ಲ. ಈಗ ಅದರಲ್ಲಿ ಬ್ರೇಕಿನ ಲೆಕ್ಕವೂ ಸೇರಿದೆಯಂತೆ. ಅದನ್ನು ಹಿಡಿದುಕೊಂಡು ಹೋಗಿ, ‘ಸರಿಯಿದೆಯೇ ನೋಡಿ ಹೇಳಿ’ ಎಂದು ಕೇಳಬಹುದಾದ ಒಂದು ಕಚೇರಿ ಈ ದೇಶದಲ್ಲಿ ಅವನಿಗೆ ಸಿಗಲಿ.