‘ಅಬ್ದುಲ್’ ಎಂದರೆ ಅರ್ಧ ಹೆಸರು

ಆಂಧ್ರಪ್ರದೇಶದ ರಾಜ್ಯಪಾಲರಾಗಿ 2023ರ ಫೆಬ್ರವರಿ 24ರಂದು ವಿಜಯವಾಡದಲ್ಲಿ ಪ್ರಮಾಣವಚನ ಸ್ವೀಕರಿಸಿದವರು ನಮ್ಮ ಕಡೆಯವರು ಎಂಬುದು ಇಲ್ಲಿರುವ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಮಂಗಳೂರಿನಲ್ಲಿ ಕಾನೂನು ಓದಿ, ಕರ್ನಾಟಕ ಹೈಕೋರ್ಟ್‌ನಲ್ಲೂ ಆಮೇಲೆ ಸುಪ್ರೀಂ ಕೋರ್ಟ್‌ನಲ್ಲೂ ನ್ಯಾಯಮೂರ್ತಿಗಳಾಗಿದ್ದವರು.

ಕೆಲಸದ ಮೇಲೆ ವಿಶಾಖಪಟ್ಟಣ, ವಿಜಯವಾಡಗಳ ನಡುವೆ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಓಡಾಡುವ ನನಗೆ, ತೆಲುಗು ಪತ್ರಿಕೆಗಳಲ್ಲಿ ಈ ಹೆಸರು ಕಂಡಾಗಲೆಲ್ಲ ಇನ್ನೊಬ್ಬ ಅಬ್ದುಲ್ ನಜೀರ್ ನೆನಪಾಗುತ್ತಾರೆ. ಅವರು ಗುಂಡ್ಲುಪೇಟೆಯ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ನೋಡಿಕೊಂಡವರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ಮಹಿಳೆಯರಿಗೆ ಶೇ. 25 ಮೀಸಲಾತಿ ಕೊಟ್ಟ 1983ರ ಪಂಚಾಯತ್ ಕಾಯ್ದೆಯ ಹಿಂದೆ ಇದ್ದವರೂ ಅವರೇ. 1988ರಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರದೇ ಹೆಸರಿದೆ.

ಈ ಹೆಸರಿನ ಅರ್ಥ ಹುಡುಕಲು ನನಗೆ ಕಾರಣವಾದದ್ದು ಮಾತ್ರ ಬೇರೆ. ದಕ್ಷಿಣ ಕನ್ನಡದಿಂದ ನಮ್ಮ ಕಚೇರಿಗೆ ಒಬ್ಬ ಹುಡುಗ ಬಂದ. ಅವನದೂ ‘ಅಬ್ದುಲ್’ ಎಂದೇ ಶುರುವಾಗುವ ಹೆಸರು. ವಿಶಾಖಪಟ್ಟಣದಲ್ಲಿ ಅವನಿಗೆ ಬಾಡಿಗೆ ಮನೆ ನೋಡಲು ನಾನೂ ಜೊತೆಗೆ ಹೋದೆ. ಫೋನಿನಲ್ಲಿ ಖುಷಿಯಿಂದ ಬನ್ನಿ ಎಂದಿದ್ದ ಮಾಲೀಕರು, ಹೆಸರು ಕೇಳಿದ ಮೇಲೆ ‘ಮನೆಯಲ್ಲಿ ಕೇಳಿ ಹೇಳುತ್ತೇವೆ’ ಎಂದರು. ಮೂರು ಕಡೆ ಹೀಗೇ ಆಯಿತು. ಮೆಟ್ಟಿಲಿಳಿಯುತ್ತಾ ಅವನೆಂದ: “ಅರ್ಧ ಹೆಸರು ಕೇಳಿಯೇ ಬಾಗಿಲು ಹಾಕಿದ್ರು ಮಾರಾಯ್ರೆ. ಇಡೀ ಹೆಸರು ಕೇಳ್ಲೇ ಇಲ್ಲ.”

ವ್ಯಾಕರಣದ ಲೆಕ್ಕದಲ್ಲೂ ಅವನ ಮಾತು ಸರಿ. ಅರಬ್ಬಿಯಲ್ಲಿ ‘ಅಬ್ದ್’ ಎಂದರೆ ದಾಸ, ಸೇವಕ. ‘ಅಲ್’ ಮುಂದಿನ ಪದಕ್ಕೆ ಸೇರಿದ್ದು. ಎರಡೂ ಕೂಡಿದ ‘ಅಬ್ದುಲ್’ಗೆ ‘...ನ ದಾಸ’ ಎಂದಷ್ಟೇ ಅರ್ಥ. ಯಾರ ದಾಸ ಎಂಬುದು ಮುಂದಿನ ಪದದಲ್ಲಿದೆ. ಅಬ್ದುಲ್ ಕರೀಮ್ ಎಂದರೆ ಉದಾರಿಯ ದಾಸ, ಅಬ್ದುಲ್ ಖಾದರ್ ಎಂದರೆ ಸರ್ವಶಕ್ತನ ದಾಸ, ಅಬ್ದುಲ್ ರಹಮಾನ್ ಎಂದರೆ ಕರುಣಾಮಯನ ದಾಸ. ದೇವರಿಗೆ ಅತ್ಯಂತ ಪ್ರಿಯವಾದ ಹೆಸರುಗಳು ಅಬ್ದುಲ್ಲಾ ಮತ್ತು ಅಬ್ದುಲ್ ರಹಮಾನ್ ಎಂದು ಹದೀಸಿನಲ್ಲಿದೆ. ಪುರಂದರದಾಸರನ್ನು ಕಂಡ ನಮಗಾಗಲಿ, ಭದ್ರಾಚಲ ರಾಮದಾಸುವನ್ನು ಕಂಡ ತೆಲುಗರಿಗಾಗಲಿ ಈ ಭಾವ ಹೊಸದಲ್ಲ. ‘ರಾಮ’ ಬಿಟ್ಟು ಬರೀ ‘ದಾಸು’ ಎಂದು ಕರೆದರೆ ಹೇಗೋ ಬರೀ ‘ಅಬ್ದುಲ್’ ಎಂದರೂ ಹಾಗೇ.

ಇನ್ನು ‘ನಜೀರ್’. ಕನ್ನಡದ ಒಂದೇ ‘ಜ’ ಅರಬ್ಬಿಯ ಎರಡು ಬೇರೆ ಅಕ್ಷರಗಳ ಕೆಲಸ ಮಾಡುತ್ತದೆ. ಒಂದು ಅಕ್ಷರದಲ್ಲಿ ಬರೆದರೆ ಸಾಟಿ, ಸಮಾನ ಎಂಬ ಅರ್ಥ. ಸಾಟಿಯಿಲ್ಲದವಳು ‘ಬೇನಜೀರ್’ ಆಗುವುದು ಇದರಿಂದಲೇ. ಇನ್ನೊಂದರಲ್ಲಿ ಬರೆದರೆ ಎಚ್ಚರಿಸುವವನು. ಕುರಾನ್ ಪ್ರವಾದಿಯವರನ್ನು ‘ಬಶೀರ್’ ಎಂದೂ ‘ನಜೀರ್’ ಎಂದೂ ಕರೆಯುತ್ತದೆ: ಶುಭವಾರ್ತೆ ತರುವವರು, ಎಚ್ಚರಿಕೆ ಕೊಡುವವರು. ಹರಕೆ ಎಂಬರ್ಥದ ಪದವೂ ಇದೇ ಮೂಲದ್ದು. ಮೈಸೂರು ದರ್ಬಾರಿನಲ್ಲಿ ಅರಸರಿಗೆ ಒಪ್ಪಿಸುತ್ತಿದ್ದ ‘ನಜರು’ ಕಾಣಿಕೆ ಕನ್ನಡಕ್ಕೆ ಬಂದದ್ದು ಅಲ್ಲಿಂದ.

ಇಲ್ಲೊಂದು ಧಾರ್ಮಿಕ ಚರ್ಚೆಯೂ ಇದೆ. ಮನುಷ್ಯ ದೇವರಿಗೆ ಮಾತ್ರ ದಾಸ. ಆದ್ದರಿಂದ ‘ಅಬ್ದುಲ್’ ಮುಂದೆ ದೇವರ ನಾಮವೇ ಬರಬೇಕು ಎನ್ನುವ ವಿದ್ವಾಂಸರಿದ್ದಾರೆ. ನಮ್ಮ ದೇಶದಲ್ಲಿ ಪ್ರವಾದಿಯವರ ಬಿರುದು ಸೇರಿಸಿದ ಅಬ್ದುಲ್ ನಬಿಯಂಥ ಹೆಸರುಗಳೂ ಹಿಂದಿನಿಂದ ನಡೆದುಬಂದಿವೆ. ಹಾಗೆ ಹೆಸರಿಡುವವರು ಅಲ್ಲಿ ‘ದಾಸ’ ಎಂದರೆ ಅನುಯಾಯಿ, ಆರಾಧಕನಲ್ಲ ಎನ್ನುತ್ತಾರೆ.

ಆ ಹುಡುಗನಿಗೆ ಐದನೇ ಕಡೆ ಮನೆ ಸಿಕ್ಕಿತು. ಅಲ್ಲಿದ್ದ ಅಜ್ಜಿ ಹೆಸರು ಕೇಳಿ, ಅದರ ಅರ್ಥ ಏನಪ್ಪಾ ಎಂದು ತೆಲುಗಿನಲ್ಲಿ ವಿಚಾರಿಸಿದರು. ‘ದೇವುಡಿ ದಾಸುಡು’ ಎಂದ. ಅಜ್ಜಿ ತಲೆದೂಗಿ, ನೀರು ಬೆಳಿಗ್ಗೆ ಆರಕ್ಕೆ ಬರುತ್ತದೆ, ಹಿಡಿದಿಟ್ಟುಕೋ ಎಂದರು.

ಬೆಂಗಳೂರು, ಮುಂಬೈ, ಹೈದರಾಬಾದುಗಳಲ್ಲಿ ನಿಮ್ಮ ಮನೆಗೂ ಬಾಡಿಗೆ ಕೇಳಿಕೊಂಡು ಯಾರಾದರೂ ಬರಬಹುದು. ಆಗ ಅವರ ಇಡೀ ಹೆಸರು ಕೇಳಿ, ಅರ್ಥವನ್ನೂ ಕೇಳಿ.