ಮಾಸುವ ಬಿಲ್, ಮುಗಿಯುವ ವಾರಂಟಿ

ವಾರಂಟಿ ಎಂದರೆ ತಯಾರಕರು ಗಡುವು ಹಾಕಿ ಕೊಡುವ ಮಾತು. ಇಷ್ಟು ತಿಂಗಳೊಳಗೆ ವಸ್ತು ತನ್ನದೇ ದೋಷದಿಂದ ಕೆಟ್ಟರೆ ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡುತ್ತೇವೆ ಎಂಬುದು ಆ ಮಾತಿನ ಸಾರ. ಅಂಗಡಿಗಳ ಆಡುಮಾತಿನಲ್ಲಿ ಗ್ಯಾರಂಟಿ ಇದ್ದರೆ ಹಳೆಯದನ್ನು ಕೊಟ್ಟು ಹೊಸದು ತರಬಹುದು, ವಾರಂಟಿ ಇದ್ದರೆ ರಿಪೇರಿ ಮಾತ್ರ. ಹೆಸರು ಯಾವುದಿದ್ದರೂ ಅದಕ್ಕೆ ಆಧಾರ ಎರಡೇ: ಕೊಂಡ ತಾರೀಖು ಮತ್ತು ಆ ತಾರೀಖಿಗೊಂದು ಪುರಾವೆ. ಸಾಮಾನು ಕೆಡುವ ಹೊತ್ತಿಗೆ ತಾರೀಖು ಮರೆತಿರುತ್ತದೆ, ಪುರಾವೆ ಕಳೆದಿರುತ್ತದೆ.

ಈ ಪುರಾವೆ ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತದೆ. ಬೆಂಗಳೂರು ದಂಡಿನ ಕಮರ್ಷಿಯಲ್ ಸ್ಟ್ರೀಟ್ ಹೆಸರಾಗಿರುವುದು ಬಟ್ಟೆ, ಚಪ್ಪಲಿ, ಒಡವೆಗೆ. ಆದರೆ ವಾಚು, ಇಯರ್‌ಫೋನ್, ಪವರ್ ಬ್ಯಾಂಕ್, ಚಾರ್ಜರ್‌ಗಳ ವ್ಯಾಪಾರವೂ ಇಲ್ಲಿ ಮತ್ತು ಪಕ್ಕದ ಶಿವಾಜಿನಗರದ ಓಣಿಗಳಲ್ಲಿ ನಡೆಯುತ್ತದೆ. ದೊಡ್ಡ ಶೋರೂಮಿನಲ್ಲಿ ಕೇಳದೆಯೇ ಜಿಎಸ್‌ಟಿ ಬಿಲ್ ಬರುತ್ತದೆ. ಸಣ್ಣ ಅಂಗಡಿಯಲ್ಲಿ ಕೆಲವೊಮ್ಮೆ ಬರುವುದು ‘ಎಸ್ಟಿಮೇಟ್’ ಎಂದು ಬರೆದ ಬಿಳಿ ಚೀಟಿ; ಬಿಲ್ ಬೇಕೆಂದರೆ ಟ್ಯಾಕ್ಸ್ ಸೇರುತ್ತದೆ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಫುಟ್‌ಪಾತಿನಲ್ಲಿ ಚೀಟಿಯೂ ಇಲ್ಲ, “ಏನೂ ಆಗಲ್ಲ, ಆದ್ರೆ ತಗೊಂಡ್ಬನ್ನಿ” ಎಂಬುದೇ ವಾರಂಟಿ. ಇವುಗಳಲ್ಲಿ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ನಡೆಯುವುದು ಮೊದಲನೆಯದು ಮಾತ್ರ. ಅಸಲಿ ಬಿಲ್ಲಿನಲ್ಲಿ ಬಿಲ್ ಸಂಖ್ಯೆ, ತಾರೀಖು, ಅಂಗಡಿಯ 15 ಅಕ್ಷರಗಳ ಜಿಎಸ್‌ಟಿ ನೋಂದಣಿ ಸಂಖ್ಯೆ ಇರುತ್ತವೆ. ಕರ್ನಾಟಕದ ಅಂಗಡಿಯಾದರೆ ಆ ಸಂಖ್ಯೆ 29ರಿಂದ ಶುರುವಾಗುತ್ತದೆ.

ವಾಚಿನ ಅಂಗಡಿಯಲ್ಲಿ ಇನ್ನೊಂದು ಸಣ್ಣ ವಿಧಿ ಉಂಟು. ಡಬ್ಬಿಯೊಳಗಿನ ವಾರಂಟಿ ಕಾರ್ಡ್ ತೆಗೆದು, ಮಾಡೆಲ್ ಸಂಖ್ಯೆ ನೋಡಿ ಬರೆದು, ತಾರೀಖು ಹಾಕಿ, ಅಂಗಡಿಯ ಸೀಲು ಒತ್ತಿ, ಸಹಿ ಹಾಕಿ ಕೊಡಬೇಕು. ಶನಿವಾರ ಸಂಜೆಯ ನೂಕುನುಗ್ಗಲಲ್ಲಿ ಸೀಲು ಬಿಟ್ಟುಹೋಗುವುದು ಅಪರೂಪವಲ್ಲ. ಸೀಲಿಲ್ಲದ ಕಾರ್ಡನ್ನು ಸರ್ವಿಸ್ ಸೆಂಟರಿನವರು ಒಪ್ಪದಿರಬಹುದು. ಅಂಗಡಿಯಲ್ಲೇ ನಿಂತು ಅದನ್ನು ಹಾಕಿಸಿಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕು. ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಸಾಮಾನ್ಯವಾಗಿ ಕಾಣುವುದು: ವಾರಂಟಿ ಒಳಗಿನ ಯಂತ್ರಕ್ಕೆ, ಗಾಜು, ಬೆಲ್ಟು, ಬ್ಯಾಟರಿಗೆ ಇಲ್ಲ.

ಬಿಲ್ಲನ್ನು ಜೋಪಾನವಾಗಿ ಇಟ್ಟವರಿಗೂ ಒಂದು ತೊಂದರೆ ಕಾದಿರುತ್ತದೆ. ಈಗಿನ ಬಿಲ್ ಯಂತ್ರಗಳ ಉದ್ದನೆಯ ಚೀಟಿಯಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಲೇಪ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅದೇ ಅಕ್ಷರ. ಬಿಸಿಲು, ಕೈಯ ಎಣ್ಣೆ, ಪರ್ಸಿನ ಪ್ಲಾಸ್ಟಿಕ್ ಹೊದಿಕೆ, ಇವೆಲ್ಲ ಅದನ್ನು ಮಸುಕುಮಾಡುತ್ತವೆ. ಹಾಳಾಗದಿರಲೆಂದು ಲ್ಯಾಮಿನೇಷನ್ ಮಾಡಿಸಿದರಂತೂ ಯಂತ್ರದ ಬಿಸಿಗೆ ಚೀಟಿಯೇ ಪೂರ್ತಿ ಕಪ್ಪಾಗಿ ಹೊರಬರುತ್ತದೆ. ಕೊಂಡ ದಿನವೇ ಫೋನಿನಲ್ಲಿ ಫೋಟೊ ಹಿಡಿಯುವುದು, ಒಂದು ಜೆರಾಕ್ಸ್ ಮಾಡಿಸುವುದು ಇದಕ್ಕಿರುವ ಮದ್ದು.

ಲೆಕ್ಕ ತಪ್ಪುವುದು ಇನ್ನೊಂದು ಕಾರಣಕ್ಕೆ. ಒಂದು ಸಾಮಾನಿಗೆ ಒಂದೇ ವಾರಂಟಿ ಎಂದು ಜನ ತಿಳಿದಿರುತ್ತಾರೆ. ಫ್ರಿಜ್ಜಿಗೆ ಒಂದು ವರ್ಷವಿದ್ದರೆ ಅದರ ಕಂಪ್ರೆಸರ್‌ಗೆ ಹತ್ತು ವರ್ಷ ಇರುವುದುಂಟು. ಫೋನಿಗೆ ಒಂದು ವರ್ಷವಾದರೆ ಅದರ ಜೊತೆ ಬಂದ ಚಾರ್ಜರ್‌ಗೆ ಆರೇ ತಿಂಗಳು ಇರಬಹುದು. ಕರೆಂಟ್ ಹೋದಾಗ ಬೆಂಗಳೂರಿನ ಮನೆಗಳಿಗೆ ಆಸರೆಯಾದ ಯುಪಿಎಸ್ ಬ್ಯಾಟರಿಯ ಮೇಲೆ ‘36+24’ ಎಂಬಂಥ ಬರಹವಿರುತ್ತದೆ. 2023ರ ಜೂನ್ 10ರಂದು ಕೊಂಡ ಅಂಥ ಬ್ಯಾಟರಿ 2026ರ ಜೂನ್ 9ರೊಳಗೆ ಕೆಟ್ಟರೆ ಬದಲಿ ಪುಕ್ಕಟೆ. ಆಮೇಲಿನ 24 ತಿಂಗಳು, ಎಂದರೆ 2028ರ ಜೂನ್ 9ರವರೆಗೆ, ಹೊಸ ಬ್ಯಾಟರಿಯ ಬೆಲೆಯಲ್ಲಿ ರಿಯಾಯಿತಿ ಮಾತ್ರ. ತಿಂಗಳು ಕಳೆದಂತೆ ಅದೂ ಕರಗುತ್ತದೆ. ಐದು ವರ್ಷದ ವಾರಂಟಿ ಎಂದು ಅಂಗಡಿಯವರು ಹೇಳುವುದು ಈ ಎರಡನ್ನೂ ಕೂಡಿಸಿ.

ಎಣಿಕೆ ಯಾವತ್ತಿನಿಂದ ಎಂಬುದೂ ತಕರಾರಿನ ವಿಷಯವೇ. ಬಹುತೇಕ ಬಿಲ್ಲಿನ ತಾರೀಖೇ ಮೊದಲ ದಿನ. ಎಸಿ ಕೊಂಡು ಗೋಡೆಗೆ ಹಾಕಿಸಲು ಎರಡು ತಿಂಗಳಾದರೆ ಆ ಎರಡು ತಿಂಗಳೂ ವಾರಂಟಿಯಲ್ಲಿ ಕಳೆದುಹೋಗುತ್ತವೆ. ಅಳವಡಿಸಿದ ದಿನದಿಂದ ಎಣಿಸಿರೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಕೊನೆಯಲ್ಲಿ ಕಂಪನಿಗಳಿಗೆ ಹೇಳಿತು. ಅದು ನ್ಯಾಯವಾದ ಮಾತು. ಫೋನುಗಳಲ್ಲಿ ಮೊದಲು ಆನ್ ಮಾಡಿದ ದಿನ ಕಂಪನಿಯ ದಾಖಲೆಯಲ್ಲಿ ಬಿದ್ದಿರಬಹುದು; ಅದು ಬಿಲ್ಲಿಗಿಂತ ಹಿಂದಿನದಾಗಿದ್ದರೆ ತಿದ್ದಿಸಲು ಬಿಲ್ಲೇ ಬೇಕು. ಆ ಬಿಲ್ಲಿನಲ್ಲಿ ಫೋನಿನ 15 ಅಂಕಿಯ ಐಎಂಇಐ ನಮೂದಾಗಿರಬೇಕು. *#06# ಒತ್ತಿದರೆ ಪರದೆಯ ಮೇಲೆ ಬರುವ ಸಂಖ್ಯೆಯೊಂದಿಗೆ ಅದನ್ನು ಅಂಗಡಿಯಲ್ಲೇ ತಾಳೆ ನೋಡಬಹುದು.

ಗಡುವಿನ ಮೇಲೆ ಕಣ್ಣಿಡಲು ವಿಶೇಷ ಆ್ಯಪ್ ಬೇಕಿಲ್ಲ. ಬಿಲ್ಲಿನ ಫೋಟೊವನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಶುಭೋದಯದ ಹೂವುಗಳ ನಡುವೆ ಅದು ಮುಳುಗುತ್ತದೆ. ಸ್ವಂತ ಮೇಲ್‌ಗೆ ‘ವಾರಂಟಿ’ ಎಂಬ ಪದ, ಸಾಮಾನಿನ ಹೆಸರು, ಸೀರಿಯಲ್ ಸಂಖ್ಯೆ ಸೇರಿಸಿ ಕಳಿಸಿದರೆ ಹುಡುಕಿದಾಗ ಸಿಗುತ್ತದೆ. ಫೋನಿನ ಕ್ಯಾಲೆಂಡರಿನಲ್ಲಿ ಮುಗಿಯುವ ದಿನವನ್ನಲ್ಲ, ಅದಕ್ಕೆ ಒಂದು ತಿಂಗಳು ಮುಂಚಿನ ದಿನವನ್ನು ಗುರುತುಹಾಕಬೇಕು. ಆಗಾಗ ಸದ್ದುಮಾಡುವ ಮಿಕ್ಸಿ, ಬೇಗ ಚಾರ್ಜ್ ಇಳಿಯುವ ಫೋನು ಇಂಥವನ್ನು ತೋರಿಸಲು ಆ ತಿಂಗಳು ಸಿಗುತ್ತದೆ. ಫೋನು ಹಿಡಿಯದ ಹಿರಿಯರಿಗೆ, ಫ್ರಿಜ್ಜಿನ ಪಕ್ಕಕ್ಕೆ ತಾರೀಖು ಬರೆದು ಅಂಟಿಸಿದ ಚೀಟಿ ಇವೆಲ್ಲಕ್ಕಿಂತ ಮೇಲು. ಸರ್ವಿಸ್ ಸೆಂಟರಿನಲ್ಲಿ ಕೊಡುವ ಜಾಬ್ ಶೀಟನ್ನೂ ಬಿಸಾಡಬಾರದು. ದೂರು ಗಡುವಿನೊಳಗೇ ಕೊಟ್ಟಿದ್ದೆಂಬುದಕ್ಕೆ ಅದೇ ಸಾಕ್ಷಿ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಬಿಲ್ ಕೊಡದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂತೆಗೆದುಕೊಳ್ಳಲು ಒಪ್ಪದಿರುವುದೂ ಹಾಗೆಯೇ. ಹಾಗಾಗಿ ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ಕೆಟ್ಟ ಸಾಮಾನಿನ ಮಟ್ಟಿಗೆ ಬರೀ ಬೋರ್ಡು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ದೂರು ಹೇಳಬಹುದು. ಕೋಲಾರದಿಂದ ಬಂದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ವಾಚು ಕೊಂಡವರು ದಾವೆ ಹೂಡಲು ಮತ್ತೆ ಬೆಂಗಳೂರಿಗೆ ಬರಬೇಕಿಲ್ಲ; ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಕೋಲಾರದಲ್ಲೇ, ದೂರು ಕೊಡಬಹುದು.